ಕೈ ಇಟ್ಟಾಗ ಅಡಗಿದ ಸದ್ದು

“ಅದು ನಿಲ್ಲಬಾರದು” ಎಂದಳು ರಂಜನಿ.

ಗಿರಿಜಾಂಬಾ ಬೇಸ್ ಗಿಟಾರಿನ ತಂತಿಗಳ ಮೇಲಿಟ್ಟಿದ್ದ ಅಂಗೈಯನ್ನು ಎತ್ತಿದರು. ಮೂಲೆಯಲ್ಲಿದ್ದ ಪುಟ್ಟ ಆಂಪ್ಲಿಫೈಯರಿನಿಂದ ಗುಂಯ್ ಎಂಬ ಸಣ್ಣ ಸದ್ದು ಹೊರಟಿತು. ಮತ್ತೆ ಅಂಗೈ ಇಟ್ಟರು. ಸದ್ದು ಅಡಗಿತು. ಅಳುವ ಕೂಸಿನ ಎದೆಯ ಮೇಲೆ ತಾಯಿ ಕೈ ಇಟ್ಟಾಗ ಅಡಗುವಂತೆ.

“ಎಲ್ಲ ಗಿಟಾರಲ್ಲೂ ಹೀಗೇ ಅಲ್ವೇನಮ್ಮ? ಕೈ ಇಟ್ಟಾಗ ಅಡಗಿದ್ರೆ ಒಳಗೆ ಎಲ್ಲ ಸರಿಯಿದೆ ಅಂತ.”

“ಬೇರೆ ಗಿಟಾರಿಗೆ ಸರಿ ಮೇಡಂ. ಇದಕ್ಕಲ್ಲ. ಇದು ಕೈ ಇಟ್ರೂ ಗುಂಯ್ ಅಂತಾನೇ ಇರ್ಬೇಕು. ನಾನೇ ಹಾಗೆ ಮಾಡಿಟ್ಟಿದ್ದೆ.”

ವಿಜಯದಶಮಿಯ ಸಂಜೆ ಭಜನೆಯ ವೇದಿಕೆಯಲ್ಲಿ ಇದೇ ತಂತಿಗಳ ಮೇಲೆ ಕೈಯಿಟ್ಟು ಮೈಕಿಗೆ ತುಟಿ ತಾಗಿಸಿದ ಯಶಸ್, ಕರೆಂಟು ಹೊಡೆದು ಬಿದ್ದವನು, ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಅವನ ಗಿಟಾರನ್ನು ರಿಪೇರಿ ಮಾಡುತ್ತಿದ್ದವಳು ಅವನ ಅಕ್ಕ ರಂಜನಿಯೇ, ತಪ್ಪೂ ಅವಳದೇ ಎಂದು ಸೌಂಡ್ ಸಿಸ್ಟಮ್ಮಿನ ಒಡೆಯ ರಾಜೇಶ್ ಠಾಣೆಯಲ್ಲಿ ಹೇಳಿಕೆ ಕೊಟ್ಟಿದ್ದ. ಇನ್‌ಸ್ಪೆಕ್ಟರ್ ರಾಮಸ್ವಾಮಿ ಈ ಸಂಜೆ ಬಂದು ಅವಳನ್ನು ಕರೆದೊಯ್ಯುವವರಿದ್ದರು. ಅಷ್ಟರೊಳಗೆ ಬೇರೇನಾದರೂ ತೋರಿಸಿದರೆ ಸರಿ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ ಗಿಟಾರನ್ನು ಗಿರಿಜಾಂಬಾ ಅವರ ಜವಾಬ್ದಾರಿಗೆ ಬಿಟ್ಟಿದ್ದರು.

ಗಿರಿಜಾಂಬಾ ವಿದ್ಯುತ್ ಪರಿವೀಕ್ಷಣೆಯ ಇಲಾಖೆಯಿಂದ ನಿವೃತ್ತರಾದವರು. ಕರೆಂಟು ಹೊಡೆದು ಜನ ಸತ್ತ ಮನೆ, ಗದ್ದೆ, ಕಾರ್ಖಾನೆಗಳಿಗೆ ಹೋಗಿ, ಅದು ಎಲ್ಲಿಂದ ಬಂತು ಎಂದು ಹುಡುಕುವುದೇ ಅವರ ಜೀವಮಾನದ ಕೆಲಸವಾಗಿತ್ತು. ಕರೆಂಟಿಗೆ ಯಾರ ಮೇಲೂ ದ್ವೇಷವಿಲ್ಲ ಎಂದು ಅವರು ಹೇಳುತ್ತಿದ್ದರು. ಅದಕ್ಕೆ ಮಣ್ಣು ಸೇರುವ ಹಂಬಲ, ಅಷ್ಟೇ. ನಮ್ಮ ಜೀವಕ್ಕೂ ಇರುವುದು ಅದೇ. ಅದರ ದಾರಿಯಲ್ಲಿ ಯಾರನ್ನು ನಿಲ್ಲಿಸಲಾಗಿದೆ ಎಂಬುದನ್ನು ಮಾತ್ರ ಮನುಷ್ಯರನ್ನು ಕೇಳಬೇಕು.

“ಯಾಕೆ ಹಾಗೆ ಮಾಡಿಟ್ಟೆ?” ಎಂದು ಕೇಳಿದರು.

ರಂಜನಿ ಕೆಲಸದ ಮೇಜಿನ ಅಂಚನ್ನು ಹಿಡಿದುಕೊಂಡಳು. ಸಿದ್ಧಾರ್ಥನಗರದ ಆ ಮನೆಯ ಮುಂಗೋಣೆಯೇ ಅವಳ ರಿಪೇರಿ ಅಂಗಡಿ. ಗೋಡೆಯ ತುಂಬ ಹೊಟ್ಟೆ ಬಿಚ್ಚಿದ ಕೀಬೋರ್ಡುಗಳು, ಶ್ರುತಿಪೆಟ್ಟಿಗೆಗಳು.

“ರಾಜೇಶನ ಆಂಪ್ ಯಶಸ್‌ಗೆ ಜುಮ್ ಅಂತ ಹೊಡೀತಿತ್ತು. ನವರಾತ್ರಿ ಶುರುವಾದಾಗಿಂದ. ತಂತಿ ಹಿಡಿದು ಮೈಕಿನ ಹತ್ರ ಹೋದ್ರೆ ತುಟಿಗೆ ಇರುವೆ ಕಚ್ಚಿದ ಹಾಗೆ ಆಗತ್ತೆ ಅಂದ. ಬೇರೆ ಆಂಪ್ ಕೊಡು ಅಂದ್ರೆ, ಹಬ್ಬ ಮುಗೀಲಿ ತಾಳು ಅಂದ ರಾಜೇಶ. ಅದಕ್ಕೇ ನಾನು ಒಳಗಿನ ಆ ವೈರ್ ಬಿಚ್ಚಿದೆ.”

ಗಿರಿಜಾಂಬಾಗೆ ವಿವರಿಸಬೇಕಾಗಿರಲಿಲ್ಲ. ತಂತಿಗಳ ಬುಡ ಹಿಡಿದಿರುವ ಲೋಹದ ಪಟ್ಟಿಯ ಅಡಿಯಿಂದ ಒಂದು ಸಣ್ಣ ವೈರು ಹೊರಟು, ಕೇಬಲ್ಲಿನ ಮೂಲಕ ಆಂಪಿನ ಮೈಗೆ ಸೇರುತ್ತದೆ. ಅದಿದ್ದರೆ ನುಡಿಸುವವನ ಕೈ ತಾಗಿದೊಡನೆ ಗುಂಯ್‌ಗುಟ್ಟುವುದು ಅಡಗುತ್ತದೆ. ಆದರೆ ಆಂಪಿನ ಮೈಗೇ ಕರೆಂಟು ಇಳಿದಿದ್ದರೆ, ಅದೇ ವೈರಿನ ಮೇಲೆ ನಡೆದು ಅದು ತಂತಿಗೂ ಬರುತ್ತದೆ, ಬೆರಳಿಗೂ ಬರುತ್ತದೆ, ತುಟಿ ಮೈಕಿಗೆ ತಾಗಿದೊಡನೆ ಮೈಯೊಳಗಿಂದ ಹಾದು ಮಣ್ಣಿಗಿಳಿಯುತ್ತದೆ. ವೈರು ಬಿಚ್ಚಿದರೆ ಸದ್ದು ಸಾಯುವುದಿಲ್ಲ. ಮನುಷ್ಯನೂ ಸಾಯುವುದಿಲ್ಲ.

“ಬಿಚ್ಚಬೇಕಾಗಿದ್ದು ಆ ಆಂಪಿನ ಪ್ಲಗ್ಗು ಕಣಮ್ಮ.”

“ಗೊತ್ತು ಮೇಡಂ. ಆದ್ರೆ ಆಂಪು ಅವನದು, ವೈರು ನಮ್ಮದು. ನಮ್ಮ ಕೈಲಿ ಆಗಿದ್ದು ಅಷ್ಟೇ.”

ಅವಳು ಫೋನ್ ತೆಗೆದು ತಮ್ಮ ಕಳಿಸಿದ್ದ ಧ್ವನಿಯೊಂದನ್ನು ಹಾಕಿದಳು. ಆಯುಧಪೂಜೆಯ ಹಿಂದಿನ ದಿನದ್ದು. ದಪ್ಪನೆಯ, ಬಿಡುವಿಲ್ಲದ ಗುಂಯ್ ಸದ್ದು. ಅದರ ಮೇಲೆ ಯಶಸ್‌ನ ದನಿ.

“ಅಕ್ಕಾ, ನಿನ್ನ ಜೀರುಂಡೆ ಹಾಡ್ತಾ ಇದೆ ಕೇಳು. ತಂತಿ ಮೇಲೆ ಕೈ ಇಟ್ಟೇ ಇದೀನಿ ಕಣೇ, ಆದ್ರೂ ಬಾಯಿ ಮುಚ್ಚಲ್ಲ. ಥೇಟ್ ನಿನ್ನ ಥರಾನೇ.”

ಅವನು ನಗುವುದಕ್ಕೆ ಮೊದಲೇ ರಂಜನಿ ಅದನ್ನು ನಿಲ್ಲಿಸಿದಳು.

ಸದ್ದು ಬೇರೆ ಕಾರಣಕ್ಕೂ ಅಡಗಬಹುದು. ಅವಸರದಿಂದ ನಂಬುವುದು ಗಿರಿಜಾಂಬಾಗೆ ಒಗ್ಗದು. ಟ್ಯೂಬ್‌ಲೈಟ್ ಆರಿಸಿ ನೋಡಿದರು, ಹತ್ತಿಸಿ ನೋಡಿದರು. ಗಿಟಾರನ್ನು ಕಿಟಕಿಯ ಕಡೆ ತಿರುಗಿಸಿದರು, ಗೋಡೆಯ ಕಡೆ ತಿರುಗಿಸಿದರು. ಕೇಬಲ್ ಬದಲಿಸಿದರು. ಕೇಬಲ್ ಚುಚ್ಚುವ ಜಾಗವನ್ನು ಬೆರಳಲ್ಲಿ ತಟ್ಟಿ ಅಲ್ಲಾಡಿಸಿದರು. ಸದ್ದು ಅಷ್ಟಿಷ್ಟು ಏರಿತು, ಇಳಿಯಿತು. ಆದರೆ ಕೈ ಇಟ್ಟಾಗಲೆಲ್ಲ ಅಡಗಿತು.

ಕೊನೆಗೆ ಮೀಟರಿನ ಒಂದು ಮೊನೆಯನ್ನು ತಂತಿಗಳ ಬುಡಕ್ಕೂ ಇನ್ನೊಂದನ್ನು ಕೇಬಲ್ಲಿನ ಹೊರಗವಚಕ್ಕೂ ತಾಗಿಸಿದರು. ಮೀಟರು ಕೂಗಿತು.

“ಯಾರೋ ವೈರ್ ಕೂಡಿಸಿದಾರೆ” ಎಂದರು.

“ನಾನಲ್ಲ ಮೇಡಂ.”

“ನಾನು ನಂಬ್ತೀನಿ. ರಾಮಸ್ವಾಮಿ ನಂಬೋ ಹಾಗೆ ಮಾಡ್ಬೇಕಲ್ಲ.”

ರಂಜನಿ ಬಾಗಿಲ ಕಡೆ ನೋಡಿದಳು. “ಬೇಗ ಮುಗಿಸೋಣ. ಅಮ್ಮ ಆಸ್ಪತ್ರೇಲಿದಾಳೆ. ಅಪ್ಪಾಜಿ ಯಶಸ್ ಹೆಸರಲ್ಲಿ ಹರಕೆ ಅಂತ ಚಾಮುಂಡಿ ಬೆಟ್ಟಕ್ಕೆ ಹೋಗಿದಾರೆ, ಇನ್ನೇನು ಬಂದ್ಬುಡ್ತಾರೆ. ಅವ್ರಿಗೆ ಕರೆಂಟು ಅಂತ ನಾವು ಹೇಳಿಲ್ಲ. ಉಪವಾಸಕ್ಕೆ ತಲೆ ಸುತ್ತಿ ಬಿದ್ದ ಅಂದಿದೀವಿ. ಎದೆಗೆ ಸ್ಟೆಂಟ್ ಹಾಕಿಸ್ಕೊಂಡು ಇನ್ನೂ ಸುಧಾರಿಸಿಲ್ಲ ಅವರು.”

ಗಿರಿಜಾಂಬಾ ತಲೆಯಾಡಿಸಿ, ಗಿಟಾರನ್ನು ಮೆಲ್ಲನೆ ಬೋರಲು ಹಾಕಿದರು.

ಬೆನ್ನಿನ ಮೇಲೆ ಕಪ್ಪು ಮುಚ್ಚಳ. ಅದರ ಅಂಚಿನ ಒಂದೊಂದು ಸ್ಕ್ರೂ ತಲೆಗೂ ಗಂಧ, ಗಂಧದ ಮೇಲೆ ಕುಂಕುಮ.

“ಇದು ಯಾರು ಇಟ್ಟಿದ್ದು?”

“ರಾಜೇಶನ ಪದ್ಧತಿ. ಆಯುಧಪೂಜೆ ದಿನ ಮೇಟಗಳ್ಳಿ ಶೆಡ್ಡಲ್ಲಿ ಎಲ್ಲಾ ವಾದ್ಯ ಸಾಲಾಗಿಟ್ಟು ಪೂಜೆ ಮಾಡ್ತಾನೆ. ಎದುರಿಗೊಂದು ಬೊಟ್ಟು, ಆಮೇಲೆ ಬಿಚ್ಚೋ ಜಾಗಕ್ಕೆಲ್ಲ ಕುಂಕುಮ. ದೇವಿ ಮೊಹರು ಹಾಕಿದಾಳೆ, ದಶಮಿ ಬೆಳಗಾಗೋವರೆಗೂ ಯಾರೂ ಸ್ಕ್ರೂ ಮುಟ್ಟಂಗಿಲ್ಲ ಅಂತ.”

ಗಿರಿಜಾಂಬಾ ಭೂತಗನ್ನಡಿ ಹಿಡಿದರು. ಗಿಟಾರಿನ ಎದುರಿಗಿದ್ದ ಬೊಟ್ಟು ಅಂಗಡಿಯ ಬಳೆಯಂತೆ ಕಣ್ಣು ಚುಚ್ಚುವ ಕೆಂಪು. ಸ್ಕ್ರೂಗಳ ಮೇಲಿನದು ಬೇರೆ. ಸುಟ್ಟ ಇಟ್ಟಿಗೆಯ ಬಣ್ಣ. ಒಂದು ಸ್ಕ್ರೂವಿನ ಸೀಳಿನೊಳಗೆ ಮಾತ್ರ, ಹೊಸ ಕುಂಕುಮದ ಅಡಿಯಲ್ಲಿ, ಹಳೆಯ ಕೆಂಪಿನ ಒಂದು ಕಣ ಸಿಕ್ಕಿಕೊಂಡಿತ್ತು.

ಅವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು.

“ಕೇಡು ಬಯಸಿದವನು ಒರೆಸಿ ಹೋಗ್ತಾನೆ” ಎಂದರು ಆಮೇಲೆ. “ಇಲ್ಲಿ ಬಂದ ಕೈ ಬಿಚ್ಚಿದೆ, ಮುಚ್ಚಿದೆ. ಪೂಜೆಗೆ ಕೂತ ವಸ್ತುವನ್ನ ಬೋಳು ಹಣೆಯಲ್ಲಿ ಬಿಡೋಕೆ ಅದಕ್ಕೆ ಮನಸ್ಸು ಬಂದಿಲ್ಲ. ಮತ್ತೆ ಗಂಧ ತೇದು ಇಟ್ಟಿದೆ.”

ಕರೆಂಟು ಹೊಡೆಸಿ ಮಾಡಿದ ಎಷ್ಟೋ ಕೊಲೆಗಳನ್ನು ನೋಡಿದ್ದ ಅವರಿಗೆ ದ್ವೇಷದ ಕೈಗುರುತು ಗೊತ್ತಿತ್ತು. ಭಕ್ತಿಯ ಕೈಗುರುತನ್ನು ಇಂಥ ಜಾಗದಲ್ಲಿ ಕಂಡದ್ದು ಇದೇ ಮೊದಲು. ಅದು ಅವರನ್ನು ಹೆಚ್ಚು ಹೆದರಿಸಿತು.

ಗೇಟಿನ ಹತ್ತಿರ ಬೈಕು ನಿಂತಿತು.

ರಾಜೇಶ್ ಚಪ್ಪಲಿ ಬಿಟ್ಟು ಒಳಗೆ ಬಂದ. ಕತ್ತಿನಲ್ಲಿ ಬೆಳ್ಳಿ ಸರ, ಕೈಯಲ್ಲಿ ಬೈಕಿನ ಕೀ. ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡ.

“ನಮಸ್ಕಾರ ಮೇಡಂ. ಕರೆಂಟ್ ಡಾಕ್ಟರು ಕರೆದ್ರು ಅಂದ್ರೆ ಬರ್ದೇ ಇರೋಕಾಯ್ತದಾ?” ರಂಜನಿಯ ಕಡೆ ತಿರುಗಿದ. “ಎಂಗವ್ನೆ ಯಶಸ್?”

“ಠಾಣೇಲಿ ನನ್ನ ಹೆಸರು ಹೇಳ್ದಾಗ ಕೇಳ್ಬೇಕಾಗಿತ್ತು ಅದನ್ನ.”

“ಇರೋದು ಹೇಳ್ದೆ ಕಣಮ್ಮ.”

ಗಿರಿಜಾಂಬಾ ನಡುವೆ ಬಂದರು. “ಆಂಪಿನ ಅರ್ತಿಂಗ್ ಸರಿ ಮಾಡ್ಸಿದೀನಿ ಅಂತ ಯಶಸ್‌ಗೆ ಹೇಳಿದ್ಯಂತಲ್ಲ, ಯಾವಾಗ?”

“ಪೂಜೆ ದಿನಾನೇ. ಹೊಸ ಪ್ಲಗ್ಗೇ ಹಾಕ್ಸಿದೆ. ಆಂಪು ಠಾಣೇಲದೆ, ಓಗಿ ನೋಡ್ಕಳಿ.”

“ನಿನ್ನೆ ನೋಡಿದೆ. ಬಿಚ್ಚಿಯೂ ನೋಡಿದೆ. ಪ್ಲಗ್ಗು ಹೊಸದೇ. ಒಳಗೆ ಅರ್ತ್ ವೈರಿನ ಸಿಪ್ಪೆ ಕೂಡ ಸುಲಿದಿಲ್ಲ ರಾಜೇಶ್. ಮಡಚಿ ತುರುಕಿದಾರೆ.”

ಬೈಕಿನ ಕೀ ಅವನ ಬೆರಳಲ್ಲಿ ತಿರುಗುತ್ತಿತ್ತು. ನಿಂತಿತು.

“ಕೆಲಸದೋರು ಯಾರೋ ಹಾಕಿರ್ತಾರೆ. ಪ್ಲಗ್ ಪ್ಲಗ್ಗೂ ಬಿಚ್ಚಿ ನೋಡ್ತಾ ಕೂತ್ರೆ ನನ್ನ ಕಾರ್ಯಕ್ರಮ ನಡೆದಂಗೇ.”

“ಯಾರು ಹಾಕಿದ್ದು?”

“ನವರಾತ್ರೀಲಿ ಎಷ್ಟೋ ಜನ ಬತ್ತಾರೆ, ಓಯ್ತಾರೆ ಮೇಡಂ. ಎಲ್ರ ಜಾತಕ ಇಟ್ಕೊಂಡಿಲ್ಲ.” ಅವನು ಮುಂದೆ ಬಾಗಿದ. “ಆಂಪು ಎಂಥದ್ದೇ ಇರ್ಲಿ ಬುಡಿ. ಕರೆಂಟು ತಂತೀಗೆ ಬರ್ಬೇಕು ಅಂದ್ರೆ ಗಿಟಾರೊಳಗೆ ವೈರ್ ಕೂಡಿರ್ಬೇಕು. ಈ ಗಿಟಾರ್ ಬಿಚ್ಚೋಳು ಇಡೀ ಮೈಸೂರಲ್ಲಿ ಒಬ್ಳೇ.”

“ನಾನು ವೈರ್ ಬಿಚ್ಚಿದ್ದೆ ಕಣೋ. ನಿನ್ನ ಎದುರಿಗೇ ಹೇಳಿದ್ದೆ.”

“ಸಾಕ್ಷಿ ಯಾರು?”

“ನಿನ್ನ ಕಿವಿ. ದಿನಾ ರಾತ್ರಿ ಬಯ್ತಿದ್ಯಲ್ಲ, ಇದೇನು ಗಿಟಾರಾ ಗಿರಣಿನಾ ಅಂತ. ಮರೆತೋಯ್ತಾ?”

ರಾಜೇಶ್ ಮುಗುಳ್ನಕ್ಕ. ಆ ನಗೆ ಅವನ ಕಣ್ಣಿನವರೆಗೆ ಹೋಗದೆ ತುಟಿಯಲ್ಲೇ ನಿಂತದ್ದನ್ನು ಗಿರಿಜಾಂಬಾ ಗಮನಿಸಿದರು.

“ಒಂದು ನಿಂಬೆಹಣ್ಣು ಕೊಡಮ್ಮ” ಎಂದರು.

ರಂಜನಿ ದೇವರ ಕೋಣೆಯಿಂದ ತಂದುಕೊಟ್ಟಳು. ಗಿರಿಜಾಂಬಾ ಅದನ್ನು ಹೋಳು ಮಾಡಿ, ಹತ್ತಿಯ ತುದಿಯನ್ನು ರಸದಲ್ಲಿ ಅದ್ದಿದರು. ಮೊದಲು ಗಿಟಾರಿನ ಎದುರಿನ ಬೊಟ್ಟಿಗೆ ಮುಟ್ಟಿಸಿದರು. ಕೆಂಪು ಒದ್ದೆಯಾಯಿತು, ಕೆಂಪಾಗಿಯೇ ಉಳಿಯಿತು.

ಬಳಿಕ ಒಂದು ಸ್ಕ್ರೂವಿನ ಮೇಲೆ.

ಮೂವರೂ ಬಾಗಿ ನೋಡಿದರು. ಇಟ್ಟಿಗೆ ಬಣ್ಣ ಅಂಚಿನಿಂದ ಕರಗುತ್ತ ಬಂತು. ನೋಡನೋಡುತ್ತಿದ್ದಂತೆ ಸ್ಕ್ರೂವಿನ ತಲೆ ಹಳದಿಯಾಯಿತು.

“ಅಂಗಡಿ ಕುಂಕುಮ ಬರೀ ಬಣ್ಣ. ಹುಳಿಗೆ ಜಗ್ಗಲ್ಲ” ಎಂದರು ಗಿರಿಜಾಂಬಾ. “ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡಿದ ಕುಂಕುಮ ಹುಳಿ ಸೋಕಿದ್ರೆ ಮತ್ತೆ ಅರಿಶಿನ ಆಗತ್ತೆ. ನಿಮ್ಮ ಶೆಡ್ಡಲ್ಲಿ ಯಾವುದು?”

“ಪ್ಯಾಕೆಟ್ಟು” ಎಂದ ರಾಜೇಶ್. ಈಗ ಅವನು ನಿಜವಾಗಿ ನಕ್ಕ. “ನಮ್ಮದು ಅಂಗಡಿ ಪ್ಯಾಕೆಟ್ಟು ಮೇಡಂ. ಅರಿಶಿನ ಸುಣ್ಣ ಕಲಸಿ ಮನೇಲಿ ಕುಂಕುಮ ಮಾಡೋರು ಯಾರು ಅಂತ ಇಲ್ಲೇ ಕೇಳಿ. ಚಾಮುಂಡಮ್ಮನೋರ ಕುಂಕುಮ ಅಂದ್ರೆ ಈ ಬೀದೀಗೇ ಗೊತ್ತು.”

ರಂಜನಿಯ ತಾಯಿಯ ಹೆಸರು ಕೋಣೆಯ ನಡುವೆ ಬಿದ್ದುಕೊಂಡಿತು.

ಗಿರಿಜಾಂಬಾ ಅವಳನ್ನೇ ನೋಡಿದರು. ಬಿಡಿಸಲೆಂದು ಹಿಡಿದ ಎಳೆ ಅವಳ ಕತ್ತಿಗೇ ಬಿಗಿಯುತ್ತಿತ್ತು.

“ದಶಮಿ ದಿನ ಗಿಟಾರು ಈ ಮನೆಗೆ ಬಂದಿತ್ತಾ?”

“ಬೆಳಿಗ್ಗೆ ಯಶಸ್ ಶೆಡ್ಡಿಂದ ತಂದಿದ್ನಂತೆ. ಅಮ್ಮನ ಕೈಲಿ ಆರತಿ ಮಾಡಿಸ್ಕೊಂಡು, ಸ್ವಲ್ಪ ಮಲಗಿದ್ದು, ಸಂಜೆ ಇಲ್ಲಿಂದಾನೇ ವೇದಿಕೆಗೆ ಹೋದ. ನಾನು ಮನೇಲಿರ್ಲಿಲ್ಲ. ನಂಜನಗೂಡಲ್ಲಿ ಬೇರೆಯವರ ಸ್ಪೀಕರ್ ಕೆಟ್ಟಿತ್ತು.”

“ಅದಕ್ಕೂ ಸಾಕ್ಷಿ ನನ್ನ ಕಿವೀನಾ?” ಎಂದ ರಾಜೇಶ್.

ಗಿರಿಜಾಂಬಾ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡರು. ಮನಸ್ಸಿನಲ್ಲೇ ಕುಲದೇವರನ್ನು ನೆನೆದು, ಒಂದೊಂದಾಗಿ ಸ್ಕ್ರೂ ಬಿಚ್ಚಿ, ಮುಚ್ಚಳವನ್ನು ಪಕ್ಕಕ್ಕಿಟ್ಟರು.

ಒಳಗೆ ತಾಮ್ರದ ಹಾಳೆ ಹೊದಿಸಿದ ಪುಟ್ಟ ಗೂಡು. ರಂಜನಿಯ ಬೆಸುಗೆಗಳು ಗುಂಡಗೆ, ಮಳೆಹನಿಯಂತೆ ಕೂತಿದ್ದವು. ಅವುಗಳ ನಡುವೆ ಒಂದು ಮಾತ್ರ ಬೇರೆ ಜಾತಿಯದು. ವೈರಿನ ತುದಿಯನ್ನು ಹೂ ಕಟ್ಟುವ ಹಾಗೆ ಸುತ್ತಿ, ಬಿಗಿದು, ಬಾಲವನ್ನು ಒಳಗೆ ಮಡಚಿ, ಆಮೇಲೆ ತೆಳ್ಳಗೆ ಸೀಸ ಹರಿಸಲಾಗಿತ್ತು. ಎಳೆದರೂ ಬಾರದ ಗಂಟು.

ಗಿರಿಜಾಂಬಾಗೆ ಉಸಿರು ಬಂತು.

“ನೋಡು ರಂಜನಿ. ಇದು ನಿನ್ನ ಬೆಸುಗೆಯಲ್ಲ. ಪಕ್ಕದಲ್ಲೇ ನಿನ್ನವು ಇವೆ, ಯಾರಿಗೆ ಬೇಕಾದ್ರೂ ತೋರಿಸ್ಬಹುದು. ಇದು ಹಳೇ ಕಾಲದ ಕೈ. ಈಗ ಯಾರೂ ಹೀಗೆ ಸುತ್ತಿ ಬಿಗಿಯಲ್ಲ. ರಾಮಸ್ವಾಮಿಗೆ ಇಷ್ಟು ಸಾಕು.”

ಮಾತು ಮುಗಿಸಿ ತಲೆಯೆತ್ತಿದರು. ರಂಜನಿಯ ಮುಖದಲ್ಲಿ ಬಿಡುಗಡೆಯಿರಲಿಲ್ಲ.

ಅವಳ ಕಣ್ಣು ಆ ಗಂಟಿನಿಂದ ಎದ್ದು, ಮೇಲಿನ ಹಲಗೆಯಲ್ಲಿದ್ದ ಬೆನ್ನಿಲ್ಲದ ಹಳೆಯ ರೇಡಿಯೋದ ಮೇಲೆ ನಿಂತಿತ್ತು. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿದು, ರಜೆಯ ದಿನಗಳಲ್ಲಿ ಬಡಾವಣೆಯವರ ರೇಡಿಯೋ ಸರಿಮಾಡುತ್ತ, ಮಗಳಿಗೆ ಬೆಸುಗೆ ಕಲಿಸಿದ ಅಪ್ಪ ಬಸವರಾಜು ಜೋಡಿಸಿದ ರೇಡಿಯೋ ಅದು. ಅದರೊಳಗಿನ ಒಂದೊಂದು ವೈರೂ ಹೀಗೆಯೇ ಹೂ ಕಟ್ಟಿದಂತೆ ಸುತ್ತಿ ಬಿಗಿದಿತ್ತು.

ಗಿರಿಜಾಂಬಾ ರೇಡಿಯೋವನ್ನು ನೋಡಿದರು. ಗಿಟಾರನ್ನು ನೋಡಿದರು.

ಮಗನ ಗಿಟಾರು ಗುಂಯ್‌ಗುಡುವುದನ್ನು ಕೇಳಲಾರದೆ, ಮಗಳು ವೈರು ಬಿಚ್ಚಿದ್ದೇಕೆಂದು ತಿಳಿಯದೆ, ದಶಮಿಯ ದಿನ ಒಬ್ಬ ತಂದೆ ಪ್ರೀತಿಯಿಂದ ಅದನ್ನು ಸರಿಮಾಡಿದ್ದ. ಹೆಂಡತಿ ಮಾಡಿದ ಕುಂಕುಮ ಇಟ್ಟು ಕೈಮುಗಿದಿದ್ದ.

“ರಂಜನಿ...” ಎಂದರು.

“ಮಾತಾಡ್ಬೇಡಿ ಮೇಡಂ” ಎಂದಳು ಅವಳು, ತುಟಿ ಅಲುಗದಂತೆ.

ಅಷ್ಟರಲ್ಲಿ ರಾಮಸ್ವಾಮಿ ಬಾಗಿಲಿಗೆ ಬಂದಿದ್ದರು. ಜೀಪನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಮಫ್ತಿಯಲ್ಲಿ ನಡೆದು ಬಂದಿದ್ದರು. ಮನೆಯ ಮರ್ಯಾದೆಗೆ ಅಷ್ಟಾದರೂ ಇರಲಿ ಎಂದು. ಅವರ ಮುಖ ದಣಿದಿತ್ತು.

“ಆಸ್ಪತ್ರೆಯಿಂದ ಬಂದೆ. ಹುಡುಗ ಹಾಗೇ ಇದಾನೆ” ಎಂದರು. “ಏನಾಯ್ತು ಗಿರಿಜಾಂಬಾ ಅವರೇ?”

ಉತ್ತರ ಕೊಟ್ಟವಳು ರಂಜನಿ.

“ವೈರ್ ಕೂಡಿಸಿದ್ದು ನಾನೇ ಸರ್.”

ರಾಜೇಶ್ ಥಟ್ಟನೆ ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಗೆದ್ದವನ ಹಿಗ್ಗಿರಲಿಲ್ಲ. ಲೆಕ್ಕ ತಪ್ಪಿದವನ ಗಲಿಬಿಲಿ ಇತ್ತು.

“ಬೆಳಿಗ್ಗೆ ‘ನಾನಲ್ಲ’ ಅಂದ್ರಿ” ಎಂದರು ರಾಮಸ್ವಾಮಿ.

“ಬೆಳಿಗ್ಗೆ ಹೆದರಿದ್ದೆ. ಮನೆ ಕುಂಕುಮ ಇಟ್ಟು ಮುಚ್ಚಿದ್ದೂ ನಾನೇ. ಬನ್ನಿ ಸರ್, ಹೋಗೋಣ. ಈಗ್ಲೇ ಹೋಗೋಣ.”

“ಏನಮ್ಮ ಇಷ್ಟು ಅವಸರ?”

“ಅಪ್ಪಾಜಿ ಬರೋಕೆ ಮುಂಚೆ.”

ರಾಮಸ್ವಾಮಿ ಅವಳನ್ನು ನೋಡಿದರು. ಗಿರಿಜಾಂಬಾ ಕಡೆ ತಿರುಗಿದರು. “ನಿಮ್ಮ ಮಾತಿಗೋಸ್ಕರ ಇವತ್ತಿನವರೆಗೂ ಕಾದೆ. ಈ ಬೆಸುಗೆ ಇವರದಾ? ಹೌದೋ ಅಲ್ಲವೋ, ಅಷ್ಟು ಹೇಳಿ ಸಾಕು.”

ಗಿರಿಜಾಂಬಾ ತೆರೆದ ಗೂಡನ್ನೇ ನೋಡುತ್ತ ನಿಂತರು. ಅಲ್ಲ ಎಂದರೆ ಈ ಹೆಣ್ಣುಮಗಳು ಉಳಿಯುತ್ತಾಳೆ. ಅದೇ ಮಾತು ಮುಂದೆ ನಡೆದು, ಮಗನ ಹೆಸರಲ್ಲಿ ಬೆಟ್ಟ ಹತ್ತಿಹೋದ ಒಬ್ಬ ಮುದುಕನ ಎದೆಯ ಮೂಲಕ ಹಾದುಹೋಗುತ್ತದೆ. ಸತ್ಯ ಹೇಳುವುದಕ್ಕೆ ಅವರು ಎಂದೂ ತಡವರಿಸಿದವರಲ್ಲ. ಈಗ ತಾಯಿ ಚಾಮುಂಡಿಯೇ ತನ್ನ ಬದಲು ಮಾತಾಡಬಾರದೇ ಎನ್ನಿಸಿತು.

“ಹೇಳಿ ಮೇಡಂ” ಎಂದಳು ರಂಜನಿ. ಅದು ಬೇಡಿಕೆಯಾಗಿತ್ತು.

ಗೇಟು ಕಿರುಗುಟ್ಟಿತು.

“ಓ, ಎಲ್ರೂ ಇಲ್ಲೇ ಅವ್ರೆ” ಎನ್ನುತ್ತ ಬಸವರಾಜು ಒಳಗೆ ಬಂದರು. ಬೆವೆತ ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಎಲೆಯ ಪೊಟ್ಟಣ. ಎದುರಿಗೆ ಸಿಕ್ಕ ರಾಮಸ್ವಾಮಿ ಯಾರೆಂದು ಕೇಳದೆಯೇ ಪ್ರಸಾದ ಚಾಚಿದರು. “ತಕ್ಕಳಿ ಸ್ವಾಮಿ, ಬೆಟ್ಟದ್ದು. ನಮ್ಮ ಹುಡ್ಗ ಇವತ್ತೋ ನಾಳೆಯೋ ಎದ್ದು ಕೂತ್ಕತನೆ. ಆ ತಾಯಿ ಬಲಗಡೆ ಹೂ ಕೊಟ್ಲು.”

ರಾಮಸ್ವಾಮಿ ಎರಡೂ ಕೈಯೊಡ್ಡಿ ತೆಗೆದುಕೊಂಡರು.

ರಂಜನಿ ಮೇಜಿಗೂ ಅಪ್ಪನಿಗೂ ನಡುವೆ ಬಂದು ನಿಂತಳು. “ಒಳಗೆ ನಡೀರಿ ಅಪ್ಪಾಜಿ. ಕಾಲು ತೊಳ್ಕೊಳ್ಳಿ, ಕಾಫಿ ಮಾಡ್ತೀನಿ.”

ಆದರೆ ಬಸವರಾಜು ಅವಳ ಭುಜದ ಮೇಲಿನಿಂದ ಗಿಟಾರನ್ನು ಆಗಲೇ ನೋಡಿದ್ದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ನಾಚಿದವರಂತೆ ನಕ್ಕರು.

“ಬಿಚ್ಚೇಬುಟ್ರಾ. ಇನ್ನೇನು ಮುಚ್ಚುಮರೆ.” ರಾಜೇಶನ ಕಡೆ ತಿರುಗಿದರು. “ಆವತ್ತು ನೀನು ಫೋನ್ ಮಾಡ್ದಾಗ ಹಬ್ಬದ ದಿನ ಬ್ಯಾಡ ಅಂತಾನೇ ಅಂದೆ ಕಣಪ್ಪ. ರಂಜನಿ ಒಂದು ವೈರ್ ಕೂಡ್ಸೋದು ಮರ್ತವ್ಳೆ, ವೇದಿಕೇಲಿ ಯಶಸ್‌ಗೆ ಅವಮಾನ ಆಯ್ತದೆ, ನೀವೇ ಕೂಡಿಸ್ಬುಡಿ, ಅವಳ್ಗೆ ಏಳ್ಬೇಡಿ ನೊಂದ್ಕತಳೆ ಅಂದ್ಯಲ್ಲ. ಅದಕ್ಕೇ ಕೂಡಿಸ್ದೆ. ಎಂಗೆ, ಸದ್ದು ನಿಂತ್ತಾ?”

ರಾಮಸ್ವಾಮಿಯ ಅಂಗೈಯಲ್ಲಿ ಪ್ರಸಾದ ಹಾಗೆಯೇ ಉಳಿಯಿತು.

“ಯಾವ ಫೋನು ಯಜಮಾನ್ರೆ?” ಎಂದ ರಾಜೇಶ್. ಅವನ ದನಿ ನೆಟ್ಟಗಿತ್ತು. “ನಾನು ನಿಮ್ಗೆ ಫೋನೇ ಮಾಡಿಲ್ಲ.”

ಬಸವರಾಜುಗೆ ಅರ್ಥವಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರೂ ಅವರ ಕಣ್ಣನ್ನು ಎದುರಿಸಲಿಲ್ಲ. ಕೊನೆಗೆ ಮಗಳ ಕಡೆ ನೋಡಿದರು. ಅವಳು ತೆರೆದ ಗಿಟಾರನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತಿದ್ದಳು.

“ಯಾಕವ್ವ ಅಳ್ತೀಯ?” ಎಂದರು. “ಏನ್ ಮಾಡ್ದೆ ನಾನು?”